ತಂಡ ಕಟ್ಟುವವರು ಗಮನಿಸಲಿ

ಸಂಪಾದಕರೇ,

ಉತ್ಸಾಹದಿಂದ ಹುಟ್ಟಿದ ಹವ್ಯಾಸಿ ವಾಲಿಬಾಲ್ ತಂಡಗಳು ಬೇಗನೆ ಚದುರಿಹೋಗುವುದು ಹೆಚ್ಚಾಗಿ ಆಟ ಬಾರದ್ದರಿಂದಲ್ಲ, ಜನರ ಮತ್ತು ಹಣದ ಲೆಕ್ಕ ತಪ್ಪುವುದರಿಂದ. ಅಂಕಣಕ್ಕೆ 6 ಮಂದಿ ಸಾಕೆಂದು 7–8 ಜನರನ್ನಷ್ಟೇ ಸೇರಿಸಿಕೊಂಡರೆ, ಒಬ್ಬರಿಗೆ ಪರೀಕ್ಷೆ, ಇನ್ನಿಬ್ಬರಿಗೆ ಪಾಳಿ ಕೆಲಸ ಬಿದ್ದ ದಿನ ಅಭ್ಯಾಸವೇ ನಿಲ್ಲುತ್ತದೆ. 12 ಮಂದಿ ಇರಲಿ. ಅವರಲ್ಲಿ ಇಬ್ಬರಾದರೂ ಸೆಟ್ಟರ್ ಆಗಿರಬೇಕು. ಚೆಂಡು ಎತ್ತಿಕೊಡುವವರೇ ಇಲ್ಲದಿದ್ದರೆ ಎಂಥ ಸ್ಮ್ಯಾಷರ್ ಇದ್ದೂ ಪ್ರಯೋಜನವಿಲ್ಲ.

ಚಂದಾ ಹಣವನ್ನು ಪಂದ್ಯದಿಂದ ಪಂದ್ಯಕ್ಕೆ ಕೇಳುತ್ತಾ ಹೋಗಬೇಡಿ. ಬಾರದವರು ಕೊಡುವುದಿಲ್ಲ, ಬಂದವರಿಗೆ ಹೊರೆ. ಋತುವಿನ ಆರಂಭದಲ್ಲೇ ಸಂಗ್ರಹಿಸಿ, ತಿಂಗಳಿಗೊಮ್ಮೆ ಖರ್ಚಿನ ಪಟ್ಟಿ ಎಲ್ಲರ ಮುಂದಿಡಿ. ಹಣ ನೋಡಿಕೊಳ್ಳುವವರೇ ಆಟಗಾರರನ್ನು ಆಯ್ಕೆ ಮಾಡುವುದು ಖಂಡಿತ ಬೇಡ.

ನೆಟ್‌ನ ಎತ್ತರವನ್ನು ಕಂಬದ ಬಳಿಯಲ್ಲ, ಅಂಕಣದ ನಡುವೆ ಅಳೆಯಬೇಕು: ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ನಡುವೆ ಜೋತುಬಿದ್ದ ನೆಟ್ಟಿನಲ್ಲಿ ಪಳಗಿದವರ ಹೊಡೆತ ಟೂರ್ನಿಯಲ್ಲಿ ನೆಟ್ಟಿಗೇ ಬಡಿಯುತ್ತದೆ. ಚೆಂಡಿನ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ ಇರಬೇಕು. ಕಲ್ಲಿನಂತೆ ಬಿಗಿದ ಚೆಂಡಿನಿಂದ ಮುಂಗೈ ಊದಿಸಿಕೊಂಡ ಹೊಸಬರು ಮರುದಿನ ಬರುವುದೇ ಇಲ್ಲ. ಪಂಪಿನ ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಬೇಕು. ಒಣ ಸೂಜಿಗೆ ವಾಲ್ವ್ ಹರಿದು ಹೊಸ ಚೆಂಡೂ ಹಾಳಾಗುತ್ತದೆ.

ಇನ್ನೊಂದು ಕಳಕಳಿಯ ಮನವಿ: ಕಂಬಗಳಿಗೆ ಮೆತ್ತೆ ಕಟ್ಟದೆ, ಅಂಕಣದ ಸುತ್ತ 3 ಮೀಟರ್ ಖಾಲಿ ಜಾಗ ಬಿಡದೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಆಡಿಸಬೇಡಿ.