ಸೀಸದ ವ್ಯಾಪಾರಿಯ ಕತೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಮೊದಲ ಭಾಗ ಓದಿ ಮುಗಿಸಿದೆ. ಜಾಗ ಡರ್ಬಿಶೈರ್, ಕಾಲ 1630ರ ಆಸುಪಾಸು, ನಾಯಕ ಸೀಸದ ವ್ಯಾಪಾರಿ. ಈ ಆಯ್ಕೆಯೇ ಖುಷಿ ಕೊಟ್ಟಿತು. ಇಂಗ್ಲೆಂಡಿಗೆ ಹೋದ ನಮ್ಮವರು ಬರೆಯೋಕೆ ಕೂತರೆ ಚಳಿ, ಮಳೆ, ಊರಿನ ನೆನಪು, ಇಷ್ಟರಲ್ಲೇ ಗಿರಕಿ ಹೊಡೆಯುತ್ತಾರೆ. ನೀನು ಶೆಫೀಲ್ಡ್‌ನಲ್ಲಿ ಕೂತು ಅಲ್ಲಿನವರ ಹಳೇ ಲೆಕ್ಕಪತ್ರಕ್ಕೆ ಕೈ ಹಾಕಿದ್ದೀಯ. ಶಹಬ್ಬಾಸ್.

ಈಗ ತಕರಾರು. ಮೊದಲ ಮೂರು ಅಧ್ಯಾಯ ಪೂರ್ತಿ ಗಣಿಯ ಕತ್ತಲೆ. ಮೇಣದಬತ್ತಿ, ಕೆಮ್ಮು, ತೊಟ್ಟಿಕ್ಕುವ ನೀರು. ಚೆನ್ನಾಗೇನೋ ಬರೆದಿದ್ದೀಯ. ಆದರೆ ನಿನ್ನ ನಾಯಕ ಗಣಿಗೆ ಇಳಿಯುವವನೇ ಅಲ್ವಲ್ಲ! ಮೇಲಿಂದ ಕಲ್ಲು ಬೀಳುತ್ತೆ ಅಂತ ಅವನು ಹೆದರೋದಿಲ್ಲ. ಕೊಟ್ಟ ದುಡ್ಡು ಬರುತ್ತೋ ಇಲ್ವೋ ಅಂತ ಹೆದರುತ್ತಾನೆ. ಅದಿರು ಮೇಲೆ ಬಂದ ದಿನಕ್ಕೂ ಅದರ ಹಣ ಕೈಸೇರುವ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತಿತ್ತು. ಆ ಅಂತರದಲ್ಲಿ ಯಾರು ಯಾರಿಗೆ ಸಾಲ, ಯಾರ ಮಾತಿನ ಮೇಲೆ ಯಾರು ನಿಂತಿದ್ದಾರೆ, ಅದನ್ನು ಹಿಡಿ. ಉಳಿದದ್ದು ತಾನಾಗಿಯೇ ಬರುತ್ತದೆ.

ಡರ್ಬಿಶೈರ್‌ನ ಹಳೇ ಸೀಸದ ಊರು ವರ್ಕ್ಸ್‌ವರ್ತ್ ನಿನಗೆ ದೂರವಲ್ಲ. ಒಂದು ಶನಿವಾರ ಬಿಡುವು ಮಾಡಿಕೊಂಡು ಹೋಗು. ಅಲ್ಲಿನ ಚರ್ಚಿನಲ್ಲಿ ಹಳೇ ಗಣಿಗಾರನ ಒಂದು ಪುಟ್ಟ ಕಲ್ಲಿನ ಉಬ್ಬುಶಿಲ್ಪ ಇದೆ. ಎಲ್ಲರೂ ಅದರ ಫೋಟೋ ಹೊಡೆದು ವಾಪಸ್ ಬರುತ್ತಾರೆ. ನೀನು ಮೂಟ್ ಹಾಲ್‌ನಲ್ಲಿ, ಅಂದರೆ ಗಣಿಗಾರರ ನ್ಯಾಯಸಭೆ ಕೂಡುವ ಕಟ್ಟಡದಲ್ಲಿ, ಇರುವ ಅಳತೆಯ ಪಾತ್ರೆ ನೋಡು. ಮೊದಲೇ ವಿಚಾರಿಸಿಕೊಂಡು ಹೋಗು ಮತ್ತೆ. ಅದು ಉದ್ದನೆಯ ದೋಣಿಯಾಕಾರದ ಕಂಚಿನ ಪಾತ್ರೆ. ಅವರು 'ಡಿಶ್' ಅನ್ನುತ್ತಾರೆ. ಎಂಟನೇ ಹೆನ್ರಿಯ ಆಳ್ವಿಕೆಯ 4ನೇ ವರ್ಷ ಮಾಡಿಸಿದ್ದು. ಸುಮಾರು 14 ಪೈಂಟ್ ಹಿಡಿಯುತ್ತದೆ, ಅಂದರೆ ಹತ್ತಿರ ಹತ್ತಿರ 8 ಲೀಟರ್. ಅದರ ಮೈಮೇಲೆ ಬರಹ ಇದೆ: ಗಣಿಗಾರರು, ಅದಿರು ಕರಗಿಸುವವರು ಇಬ್ಬರೂ ಒಪ್ಪಿ ಇದನ್ನು ಮಾಡಿಸಿದೆ, ಇದು ಮೂಟ್ ಹಾಲ್‌ನಲ್ಲಿ ಸರಪಳಿಯಲ್ಲಿ ನೇತಾಡುತ್ತಿರಬೇಕು, ವ್ಯಾಪಾರಿಯಾಗಲಿ ಗಣಿಗಾರನಾಗಲಿ ಯಾವಾಗ ಬೇಕಾದರೂ ಬಂದು ತನ್ನ ಅಳತೆ ಸರಿ ಇದೆಯಾ ನೋಡಿಕೊಳ್ಳಬಹುದು ಅಂತ. ಸರಪಳಿ ಯಾಕೆ ಬೇಕಾಯಿತು, ಯೋಚನೆ ಮಾಡು. ಒಬ್ಬರನ್ನೊಬ್ಬರು ನಂಬದೆ ಇದ್ದವರು ಕೂಡಿ ಮಾಡಿಕೊಂಡ ಏರ್ಪಾಡು ಅದು.

ಈ ಡಿಶ್ ನಮ್ಮ ಕೊಳಗದ ಹಾಗೆ. ತೂಕ ಅಲ್ಲ, ಅಳತೆ. ಜಗಳ ಹುಟ್ಟುವುದೇ ಇಲ್ಲಿ. ಅದಿರು ದಪ್ಪ ದಪ್ಪ ಗಟ್ಟಿಯಾಗಿದ್ದರೆ ನಡುವೆ ಸಂದು ಉಳಿದು ಪಾತ್ರೆ ಬೇಗ ತುಂಬುತ್ತದೆ. ಕುಟ್ಟಿ ಸಣ್ಣ ಮಾಡಿದರೆ ಅದೇ ಪಾತ್ರೆ ಜಾಸ್ತಿ ಸೀಸ ನುಂಗುತ್ತದೆ. ತೊಳೆಯುವ ಹೆಂಗಸರು ಕಲ್ಲುಪುಡಿ ಪೂರ್ತಿ ತೆಗೆದಿದ್ದಾರಾ, ಅರ್ಧ ಬಿಟ್ಟಿದ್ದಾರಾ? ಕೊಳ್ಳುವವನ ಕಣ್ಣು ಅಲ್ಲೇ. ಅಳೆಯುವಾಗ ಬಾರ್‌ಮಾಸ್ಟರ್ ನಿಂತಿರುತ್ತಾನೆ. ಗಣಿ ಕಾನೂನು ನೋಡಿಕೊಳ್ಳುವ ಅಧಿಕಾರಿ ಅವನು. 9 ಡಿಶ್‌ಗೆ ಒಂದು ಲೋಡ್. ಪ್ರತಿ 13ನೇ ಡಿಶ್ ರಾಜನ ಪಾಲು, ಅದಕ್ಕೆ 'ಲಾಟ್' ಅಂತ ಹೆಸರು. ಆಮೇಲೆ 'ಕೋಪ್' ಅಂತ ಲೋಡಿಗೆ ಇಷ್ಟು ಕಾಸು ಕಟ್ಟಬೇಕು. ಅದನ್ನು ಕಟ್ಟಿದರೆ ಅದಿರನ್ನು ಯಾರ ಕೈಗೆ ಬೇಕಾದರೂ ಮಾರಬಹುದು. ಇದರ ಮೇಲೆ ಪಾದ್ರಿ ತನ್ನ ದಶಾಂಶಕ್ಕೆ ಕೈ ಚಾಚುತ್ತಾನೆ. ಗಣಿಗಾರರು ಕೊಡೋಲ್ಲ ಅಂತ ಕೋರ್ಟಿಗೆ ಹೋಗುತ್ತಾರೆ. ಮತ್ತೆ ಈ ಲಾಟ್ ಮತ್ತು ಕೋಪ್ ವಸೂಲಿಯನ್ನೂ ಗುತ್ತಿಗೆಗೆ ಕೊಡುತ್ತಿದ್ದರು. ಅಂದರೆ ರಾಜನ ಪಾಲನ್ನು ಎತ್ತಿಕೊಳ್ಳೋನು ರಾಜ ಅಲ್ಲ, ಮುಂಗಡ ಕಟ್ಟಿ ಹಕ್ಕು ಪಡೆದ ಯಾರೋ ದುಡ್ಡಿನವನು. ನಿನ್ನ ನಾಯಕನೇ ಅವನಾಗಿದ್ದರೆ?

ಈ ಒಂದು ಅಳತೆಯನ್ನು ಪೂರ್ತಿ ಒಂದು ಅಧ್ಯಾಯ ಬರೆ. ಅವಸರ ಬೇಡ. ಯಾರ ಕೈ ಪಾತ್ರೆಯ ಅಂಚನ್ನು ಸವರಿತು, ಯಾರು ಆಗ ಕೆಮ್ಮಿದರು, ಯಾವ ಲೆಕ್ಕ ಜೋರಾಗಿ ಹೇಳಿದರು, ಯಾವುದನ್ನು ನುಂಗಿಕೊಂಡರು, ಎಲ್ಲ ಬರಲಿ. ಓದುಗರಿಗೆ ಸೀಸದ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಮೋಸ ಆಗುತ್ತಿದೆಯಾ ಅನ್ನೋದು ಥಟ್ಟನೆ ಗೊತ್ತಾಗುತ್ತದೆ. ಸಂತೆಗೆ ಹೋಗಿ ಬಂದವರಲ್ವಾ ಎಲ್ಲರೂ.

ಎರಡನೇ ಮಾತು, ನಿನ್ನ ಗಣಿಗಾರರ ಬಗ್ಗೆ. ಅವರನ್ನು ಬರೀ ಗೋಳಾಡುವವರನ್ನಾಗಿ ಮಾಡಿಬಿಟ್ಟಿದ್ದೀಯ. ಆ ಕಡೆ ಸಂಪ್ರದಾಯ ಬೇರೆಯೇ ಇತ್ತು. ರಾಜನ ಗಣಿ ಸೀಮೆಯಲ್ಲಿ ಯಾರು ಬೇಕಾದರೂ ಅದಿರು ಹುಡುಕಿ ಅಗೆಯಬಹುದಿತ್ತು. ಸ್ಮಶಾನ, ತೋಟ, ಹೆದ್ದಾರಿ ಇಂಥವು ಬಿಟ್ಟರೆ ಹೊಲದ ಒಡೆಯ ಬೇಡ ಅನ್ನುವಂತಿರಲಿಲ್ಲ. ಆದರೆ ಗಣಿಯನ್ನು ಸುಮ್ನೆ ಬಿಟ್ಟರೆ ಕೈತಪ್ಪುತ್ತಿತ್ತು. ಬಾರ್‌ಮಾಸ್ಟರ್ ಬಂದು ಗಣಿಯ ಬಾಯಿಯ ಮೇಲಿನ ಮರದ ರಾಟೆಗೆ ಚಾಕುವಿನಿಂದ ಒಂದು ಕಚ್ಚು ಹಾಕುತ್ತಿದ್ದ. ಹೀಗೆ ಮೂರು ವಾರ ಮೂರು ಕಚ್ಚು ಬಿದ್ದರೆ ಗಣಿ ಬೇರೆಯವನ ಪಾಲು. ನೀರು ತುಂಬಿತ್ತು, ಇಲ್ಲವೇ ಒಳಗೆ ಗಾಳಿ ಇರಲಿಲ್ಲ ಅಂತ ತೋರಿಸಿದರೆ ವಿನಾಯಿತಿ. ಈಗ ನೋಡು: ಗಣಿ ನಿಂತಿದ್ದು ನೀರಿನಿಂದಲಾ, ದುಡ್ಡಿಲ್ಲದೆಯಾ? ಇದನ್ನು ಹೇಗೆ ಸಾಬೀತು ಮಾಡುವುದು? ಸಾಲ ಕೊಟ್ಟ ವ್ಯಾಪಾರಿ ಹಗ್ಗ, ಮೇಣದಬತ್ತಿ, ರೊಟ್ಟಿಗೆ ಕಾಸು ಕೊಡೋದನ್ನು ಒಂದು ತಿಂಗಳು ತಡ ಮಾಡಿದರೆ ಸಾಕು. ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ. ಗಣಿ ಕೈ ಬದಲಾಯಿಸುತ್ತದೆ.

ಈ ಕಟ್ಟುಪಾಡುಗಳನ್ನೆಲ್ಲ ಎಡ್ವರ್ಡ್ ಮ್ಯಾನ್‌ಲವ್ ಅನ್ನೋನು 1653ರಲ್ಲಿ ಪದ್ಯ ಮಾಡಿ ಅಚ್ಚು ಹಾಕಿಸಿದ. ಕಾನೂನನ್ನು ಬಾಯಿಪಾಠ ಮಾಡಲಿ ಅಂತ ಇರಬೇಕು. ಕವಿತೆಯಾಗಿ ಸಾಧಾರಣ. ಆದರೆ ಮೂರನೇ ಸಲ ಅದಿರು ಕದ್ದು ಸಿಕ್ಕಿಬಿದ್ದವನ ಅಂಗೈಗೆ ಚಾಕು ಚುಚ್ಚಿ ರಾಟೆಗೇ ನಾಟಿಸಬೇಕು ಅನ್ನುವ ಭಾಗ ಓದಿದರೆ ನಿದ್ದೆ ಬರೋಲ್ಲ. ನೀನು ಇದನ್ನು ಕಾದಂಬರಿಗೆ ಎಳೆದು ತರುತ್ತೀಯ ಅಂತ ನನಗೆ ಗೊತ್ತು. ತರಬೇಡ. ಪಾತ್ರಗಳು ಆ ಶಿಕ್ಷೆ ಬಗ್ಗೆ ಮಾತಾಡಿಕೊಳ್ಳಲಿ, ಅಷ್ಟು ಸಾಕು.

ಪಾಲುಗಾರರ ವಿಷಯ. ಒಂದು ಗಣಿಗೆ ಒಬ್ಬನೇ ಯಜಮಾನ ಅಂದುಕೊಂಡಿದ್ದೀಯ. ಹಾಗಿರುತ್ತಿದ್ದುದು ಕಡಿಮೆ. ಕಾಲು ಪಾಲು, ಎಂಟರಲ್ಲೊಂದು, 24ರಲ್ಲೊಂದು ಅಂತ ಹರಿದು ಹಂಚಿಹೋಗುತ್ತಿತ್ತು. ಜಮೀನುದಾರ, ಪಾದ್ರಿ, ಹೆಂಡದಂಗಡಿಯವನು, ಗಂಡನ ಪಾಲು ಕೈಗೆ ಬಂದ ವಿಧವೆ, ಎಲ್ಲರೂ ಪಾಲುಗಾರರೇ. ಪಾಲು ಅಂದರೆ ಲಾಭದಲ್ಲಿ ಮಾತ್ರ ಅಲ್ಲ, ಖರ್ಚಿನಲ್ಲೂ. ಲೆಕ್ಕದ ದಿನ ಹೆಂಡದಂಗಡಿಯಲ್ಲಿ ಕೂರುತ್ತಾರೆ. ಖರ್ಚು ಓದಿ ಹೇಳುತ್ತಾರೆ. ನಿನ್ನ ವಿಧವೆಯ ಪಾತ್ರವನ್ನು ಅಡುಗೆಮನೆಯಿಂದ ಎಬ್ಬಿಸಿ ಆ ಬೆಂಚಿನ ಮೇಲೆ ಕೂರಿಸು. ಅವಳು ಖರ್ಚಿನ ಪಟ್ಟಿ ಕೇಳುತ್ತಾ ಕೂರಲಿ. ಕುಡಿದ ಹೆಂಡದ ಬಾಬತ್ತೂ ಅದರಲ್ಲಿ ಸೇರಿರುತ್ತೆ ಅನ್ನೋದು ಮರೀಬೇಡ.

ನೀರು ತೆಗೆಯೋದೇ ಒಂದು ಬೇರೆ ಧಂದೆ. ಗುಡ್ಡದ ಅಡಿಯಿಂದ ಸುರಂಗ ಕೊರೆದು ಗಣಿಯ ನೀರು ಹೊರಗೆ ಹರಿಸುತ್ತಿದ್ದರು. ಕೊರೆಸಿದವನಿಗೆ ಅದಿರಲ್ಲಿ ಪಾಲು. ಡಚ್ಚಿನ ಕಾರ್ನೀಲಿಯಸ್ ವರ್ಮುಯ್ಡನ್ 1630ರ ದಶಕದಲ್ಲಿ ಡವ್‌ಗ್ಯಾಂಗ್ ಗಣಿಯಲ್ಲಿ ಇದೇ ಕೆಲಸಕ್ಕೆ ಇಳಿದದ್ದು. ನಿನ್ನ ಕಾಲಕ್ಕೆ ಸರಿಯಾಗಿ ಬರುತ್ತದೆ, ಹಿನ್ನೆಲೆಯಲ್ಲಿ ಅವನ ಹೆಸರು ಒಂದೆರಡು ಸಲ ಕೇಳಿಬರಲಿ. ಇಂಥದೇ ಕ್ರಾಮ್‌ಫರ್ಡ್ ಸುರಂಗದ ನೀರನ್ನು ಮುಂದೆ 1771ರಲ್ಲಿ ಆರ್ಕ್‌ರೈಟ್ ತನ್ನ ಹತ್ತಿಗಿರಣಿಗೆ ಬಳಸಿಕೊಂಡ. ಅದು ನಿನ್ನ ಕತೆಗೆ ಬೇಕಿಲ್ಲ, ಆದರೂ ಹೇಳದೆ ಇರಲಾರೆ.

ಇನ್ನು ದಾರಿ. ಕರಗಿಸಿ ಎರಕ ಹೊಯ್ದ ಗಟ್ಟಿಗಳು ಕುದುರೆ ಬೆನ್ನೇರಿ ಬಾಟ್ರಿ ಅನ್ನುವ ಊರಿಗೆ ಹೋಗುತ್ತಿದ್ದವು. ಅಲ್ಲಿಂದ ಐಡಲ್ ನದಿಯ ದೋಣಿ, ಆಮೇಲೆ ಟ್ರೆಂಟ್ ನದಿ, ಆಮೇಲೆ ಹಲ್ ಬಂದರು. ಹಲ್‌ನಿಂದ ಲಂಡನ್, ಇಲ್ಲವೇ ಸೀದಾ ಆಮ್‌ಸ್ಟರ್‌ಡ್ಯಾಮ್. ಚಳಿಗಾಲದಲ್ಲಿ ಕೆಸರು. ಬೇಸಿಗೆಯಲ್ಲಿ ನದಿಯಲ್ಲಿ ನೀರು ಕಡಿಮೆ. ಹೋದ ಊರಲ್ಲೆಲ್ಲ ತೂಕವೂ ಬದಲು. ಸೀಸವನ್ನು 'ಫದರ್' ಲೆಕ್ಕದಲ್ಲಿ ಮಾರುತ್ತಿದ್ದರು. ಡರ್ಬಿಯ ಕುಲುಮೆಯಲ್ಲಿ ಫದರ್ ಅಂದರೆ 22.5 ಹಂಡ್ರೆಡ್‌ವೇಟ್, ಲಂಡನ್‌ನಲ್ಲಿ 19.5. ಈ ವ್ಯತ್ಯಾಸ ಗೊತ್ತಿದ್ದವನು, ಗೊತ್ತಿಲ್ಲದವನು ಒಂದೇ ಮೇಜಿಗೆ ಎದುರುಬದುರು ಕೂತರೆ ಸಂಭಾಷಣೆ ನೀನು ಬರೆಯಬೇಕಾಗಿಯೇ ಇಲ್ಲ.

ದುಡ್ಡು ಮಾತ್ರ ಈ ದಾರಿಯಲ್ಲಿ ವಾಪಸ್ ಬರುತ್ತಿರಲಿಲ್ಲ. ನೀನು ನಾಣ್ಯದ ಚೀಲ ಹೊತ್ತ ಕುದುರೆ, ಕಾಡಲ್ಲಿ ಕಳ್ಳರು ಅಂತೆಲ್ಲ ಬರೆದಿದ್ದೀಯ. ಅದನ್ನು ಹೊಡೆದು ಹಾಕು. ಅವರ ಬಳಿ ಹುಂಡಿ ಇತ್ತು, ಅಂದರೆ ನಾಣ್ಯದ ಬದಲು ಊರಿಂದೂರಿಗೆ ಹೋಗುವ ಹಣದ ಚೀಟಿ. ಲಂಡನ್ನಿನ ವ್ಯಾಪಾರಿ ನಿನ್ನ ನಾಯಕನಿಗೆ ಸೀಸದ ಬಾಕಿ ಕೊಡಬೇಕು. ಚೆಸ್ಟರ್‌ಫೀಲ್ಡ್‌ನ ಬಟ್ಟೆ ಅಂಗಡಿಯವನು ಲಂಡನ್ನಿನಿಂದ ತರಿಸಿದ ಮಾಲಿಗೆ ದುಡ್ಡು ಕಳಿಸಬೇಕು. ನಾಯಕ ಒಂದು ಚೀಟಿ ಬರೆಯುತ್ತಾನೆ: ಈ ಕಾಗದ ಕಂಡ ಇಷ್ಟು ದಿನಕ್ಕೆ ಇಂಥವರಿಗೆ ಇಷ್ಟು ಕೊಡಿ ಅಂತ. ಅಂಗಡಿಯವನು ಆ ಚೀಟಿ ಇಟ್ಟುಕೊಂಡು ಇಲ್ಲೇ ನಗದು ಎಣಿಸುತ್ತಾನೆ. ಆ ನಗದು ಗಣಿಗಾರರ ಬಾಕಿಗೆ ಹೋಗುತ್ತದೆ. ಚೀಟಿ ಲಂಡನ್ ತಲುಪಿ ಅಲ್ಲಿನವನು 'ಒಪ್ಪಲ್ಲ' ಅಂದರೆ? ವಾಪಸ್ ಬಂದ ಆ ಕಾಗದ ಒಂದೊಂದೇ ಬಾಗಿಲು ತಟ್ಟುತ್ತಾ ಬರುತ್ತದೆ. ಅಂಗಡಿಯವನು, ನಿನ್ನ ನಾಯಕ, ಕಡೆಗೆ ರಾಟೆಯ ಹತ್ತಿರ ನಿಂತವನ ಮನೆ. ದರೋಡೆಗಿಂತ ಇದು ಭಯಂಕರ, ನಂಬು.

ಖಳನಾಯಕ ಬೇಕು ಅಂತ ಕೇಳಿದ್ದೀಯ. ನೀನು ಈಗ ಮಾಡಿರೋನು ಮೀಸೆ ತಿರುವುವ ಸಾಹುಕಾರ. ಬೇಡಪ್ಪಾ. ನಿನ್ನ ಕಾಲದ ಹಿಂದೆ ಮುಂದೆ ಎರಡು ನಿಜವಾದ ಮಾದರಿಗಳಿವೆ, ಓದಿಕೋ. ಮೊದಲನೆಯದು ಶ್ರೂಸ್‌ಬರಿಯ 6ನೇ ಅರ್ಲ್. ಡಿಶ್ ಮೇಲೆ ಹೆಸರಿರುವ ಅರ್ಲ್‌ನ ಮೊಮ್ಮಗ. ಸೆರೆಯಲ್ಲಿದ್ದ ಸ್ಕಾಟ್‌ಲೆಂಡ್ ರಾಣಿ ಮೇರಿಯ ಕಾವಲು ಅವನ ಮೇಲಿತ್ತು, ಮನೆಯಲ್ಲಿ ಖರ್ಚಿನ ಕೊರಗು. ಜತೆಗೆ ದೊಡ್ಡ ಸೀಸದ ವ್ಯಾಪಾರಿ. ಅದೇ ಕಾಲಕ್ಕೆ ಟಂಕಸಾಲೆಯ ಅಧಿಕಾರಿ ವಿಲಿಯಂ ಹಂಫ್ರಿ ನೀರಿನ ಬಲದಿಂದ ಊದುವ ಹೊಸ ಕುಲುಮೆ ತಂದ. ಗುಡ್ಡದ ತುದಿಯಲ್ಲಿ ಗಾಳಿಗೆ ಕಾಯುವ ಹಳೇ ಪದ್ಧತಿ ಅದರಿಂದ ಮೂಲೆಗುಂಪಾಯಿತು. ಅದಿರು ಜಾಲಿಸುವ ಜರಡಿಗೂ ಅವನು ಏಕಸ್ವಾಮ್ಯದ ಸನ್ನದು ತಗೊಂಡಿದ್ದ. ಬಳಸಿದವರ ಮೇಲೆಲ್ಲ ದಾವೆ ಹೂಡಿದ. ಇಂಗ್ಲೆಂಡಿನ ಇನ್ನೊಂದು ಸೀಸದ ಸೀಮೆಯಾದ ಮೆಂಡಿಪ್ ಕಡೆ ಇದು ಮೊದಲಿಂದ ಇತ್ತು ಅಂತ ಎದುರಾಳಿಗಳು ಹೇಳಿದರು, ಸನ್ನದು ನಿಲ್ಲಲಿಲ್ಲ.

ಎರಡನೆಯವನು ನನಗೆ ಇನ್ನೂ ಇಷ್ಟ. ಸರ್ ಹಂಫ್ರಿ ಮ್ಯಾಕ್‌ವರ್ತ್. ವೇಲ್ಸ್‌ನಲ್ಲಿ ಎಸ್ಗೈರ್ ಹೀರ್ ಅನ್ನುವ ಕಡೆ 1690ರಲ್ಲಿ ಬೆಳ್ಳಿ ಬೆರೆತ ಸೀಸದ ಅದಿರು ಸಿಕ್ಕಿತು. ಬೆಳ್ಳಿ ಇದ್ದ ಗಣಿಯೆಲ್ಲ ರಾಜನದು ಅನ್ನುವ ಹಳೇ ಹಕ್ಕನ್ನು 1693ರ ಕಾಯ್ದೆ ಸಡಿಲಿಸಿತು. ಮಾಲೀಕ ಸತ್ತ ಮೇಲೆ ಮ್ಯಾಕ್‌ವರ್ತ್ ಪಾಲು ಕೊಂಡ, 1698ರಲ್ಲಿ ಲಾಟರಿ ಮಾಡಿ ದುಡ್ಡು ಎತ್ತಿದ. ಮೇಲ್ವಿಚಾರಕ ವಿಲಿಯಂ ವಾಲರ್ ಇದು ವೇಲ್ಸ್‌ನ ಪೊಟೋಸಿ (ದಕ್ಷಿಣ ಅಮೆರಿಕದ ಹೆಸರಾಂತ ಬೆಳ್ಳಿ ಗಣಿ) ಅಂತ ಡಂಗುರ ಹೊಡೆದ. ಕಂಪನಿಗೆ ಒಬ್ಬ ಡ್ಯೂಕ್ ಅಧ್ಯಕ್ಷ. ಕಡೆಗೆ 1710ರಲ್ಲಿ ಕಾಮನ್ಸ್ ಸಭೆ ಮ್ಯಾಕ್‌ವರ್ತ್ ವಂಚನೆ ಮಾಡಿದ್ದಾನೆ ಅಂತ ತೀರ್ಮಾನಿಸಿತು. ಸರ್ಕಾರ ಬದಲಾಯಿತು, ಬಚಾವಾದ. ಈಗ ಕೇಳು: ಕ್ರೈಸ್ತ ಜ್ಞಾನ ಪ್ರಸಾರಕ್ಕೆ, ಬಡ ಮಕ್ಕಳ ಶಾಲೆಗಳಿಗೆ ದುಡಿದ ಒಂದು ದೊಡ್ಡ ಸಂಸ್ಥೆಯನ್ನು ಕಟ್ಟಿದ ಐದು ಜನರಲ್ಲಿ ಇವನೂ ಒಬ್ಬ. ವೇಷ ಹಾಕಿದ ಅಂತ ನನಗನಿಸೋಲ್ಲ. ಎರಡನ್ನೂ ಮನಸಾರೆ ನಂಬಿದ್ದ ಅನ್ನಿಸುತ್ತೆ. ಅಂಥವನನ್ನು ಬರೆಯೋದು ಕಷ್ಟ. ಅದಕ್ಕೇ ಬರೆ ಅನ್ನೋದು.

ಕರ್ನಾಟಕದ ನಂಟು ತುರುಕಬೇಕಾ ಅಂತ ಕೇಳಿದ್ದೀಯ. ಕೆಜಿಎಫ್ ಹೋಲಿಕೆ ಖಂಡಿತ ಬೇಡ. ಬೇಕೇ ಬೇಕು ಅಂದರೆ ನಿಜವಾದದ್ದು ಒಂದಿದೆ. ಈಸ್ಟ್ ಇಂಡಿಯಾ ಕಂಪನಿ ಸೂರತ್‌ಗೆ ತರುತ್ತಿದ್ದ ಮಾಲಿನಲ್ಲಿ ಸೀಸವೂ ಇತ್ತು. ಕಾರವಾರದಲ್ಲಿ 1638ರಲ್ಲಿ ಆ ಕಂಪನಿಯ ಎದುರಾಳಿಗಳಾದ ಕೋರ್ಟೀನ್ ಗುಂಪಿನ ಇಂಗ್ಲಿಷರು ಕಾಳುಮೆಣಸಿಗೆ ಕೋಠಿ ಹಾಕಿದರು. ಹಲ್ ಬಂದರಿನ ಮಾತುಕತೆಯಲ್ಲಿ ಯಾರಾದರೂ ಪೂರ್ವದ ಹಡಗುಗಳ ಬಗ್ಗೆ ಒಂದು ಸಾಲು ಹೇಳಲಿ. ಅಲ್ಲಿಗೆ ನಿಲ್ಲಿಸು.

ತಾರೀಖಿನ ಕಡೆ ಜಾಗ್ರತೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಕಾಗದದ ಮೇಲೆ 1631 ಫೆಬ್ರವರಿ ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1632. ನಿನ್ನ ಐದನೇ ಅಧ್ಯಾಯದಲ್ಲಿ ಉತ್ತರ ಬಂದ ಮೇಲೆ ಕಾಗದ ಬರೆದಂತಾಗಿದೆ, ಇದೇ ಕಾರಣ ಇರಬೇಕು. ಕುಲುಮೆಯ ಹೊಗೆ ಕುಡಿದು ದನಗಳು ಸಾಯೋದಕ್ಕೆ ಅಲ್ಲಿನವರು 'ಬೆಲ್ಯಾಂಡ್' ಅನ್ನುತ್ತಿದ್ದರು. ಅದನ್ನು ಹಾಗೇ ಬಳಸು, ವಿವರಣೆ ಕೊಡಬೇಡ, ಸಂದರ್ಭದಿಂದ ತಿಳಿಯುತ್ತೆ.

ಮೊದಲ ಮೂರು ಅಧ್ಯಾಯ ಪಕ್ಕಕ್ಕಿಡು. ಎಸೆಯಬೇಡ, ಅದರಲ್ಲಿನ ಎರಡು ಪುಟ ಎಲ್ಲೋ ಬೇಕಾಗುತ್ತದೆ. ಹುಂಡಿ ವಾಪಸ್ ಬಂದ ಬೆಳಿಗ್ಗೆಯಿಂದ ಶುರು ಮಾಡಿ ಡಿಶ್‌ನ ಅಧ್ಯಾಯಕ್ಕೆ ಹಿಂದಕ್ಕೆ ಹೋಗು. ಅವೆರಡು ಬರೆದಾದ ತಕ್ಷಣ ಕಳಿಸು. ವಾಟ್ಸ್ಯಾಪ್‌ನಲ್ಲಿ ತುಂಡು ತುಂಡಾಗಿ ಕಳಿಸಬೇಡ ಮಾರಾಯ್ತಿ, ಪ್ರಿಂಟ್ ತೆಗೆದು ಓದೋ ಹಾಗೆ ಒಂದೇ ಫೈಲ್ ಮಾಡಿ ಕಳಿಸು.

ಪ್ರೀತಿಯಿಂದ,
ನಿನ್ನ ಅಣ್ಣ