ಸುಬೋಟ್ನಿಕ್ ಅವರ ಕೃತಿ ಬೇರೊಬ್ಬರ ಹೆಸರಿನಲ್ಲಿ, ಅದೂ ಅರ್ಧಕ್ಕೆ ಕತ್ತರಿಸಿ: ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ನಿಮ್ಮ ಸಂಗೀತ ಆ್ಯಪ್‌ನ ವಾರ್ಷಿಕ ಚಂದಾದಾರ. ಅಮೆರಿಕದ ಸಂಯೋಜಕ ಮಾರ್ಟನ್ ಸುಬೋಟ್ನಿಕ್ ಅವರ ‘ಸಿಲ್ವರ್ ಆಪಲ್ಸ್ ಆಫ್ ದ ಮೂನ್’ ಕೃತಿಯನ್ನು ನೀವು ‘ಸಿಲ್ವರ್ ಆಪಲ್ಸ್’ ಎಂಬ ಬ್ಯಾಂಡ್‌ನ ಪುಟಕ್ಕೆ ಸೇರಿಸಿರುವ ಬಗ್ಗೆಯೂ ಅದರ ಎರಡನೆಯ ಭಾಗ ಅರ್ಧಕ್ಕೇ ನಿಂತುಹೋಗುವ ಬಗ್ಗೆಯೂ ಈಗಾಗಲೇ ಎರಡು ಬಾರಿ ದೂರು ಕೊಟ್ಟಿದ್ದೇನೆ. ಎರಡು ಸಲವೂ ‘ಸಮಸ್ಯೆ ಪರಿಹರಿಸಲಾಗಿದೆ’ ಎಂಬ ಸಂದೇಶ ಬಂದಿತೇ ಹೊರತು ಏನೂ ಸರಿಹೋಗಲಿಲ್ಲ.

ಹೆಸರಿನ ಗೊಂದಲ ಹೇಗಾಗಿರಬಹುದೆಂದು ಊಹಿಸಬಲ್ಲೆ. ಎರಡೂ ಹೆಸರುಗಳು ಐರಿಷ್ ಕವಿ ಯೇಟ್ಸ್ ಅವರ ಒಂದೇ ಕವಿತೆಯಿಂದ ಬಂದವು, ಕಾಲವೂ ಹೆಚ್ಚುಕಡಿಮೆ ಒಂದೇ. ಆದರೆ ಸಿಮಿಯೋನ್ ಕಾಕ್ಸ್ ಮತ್ತು ಡ್ಯಾನಿ ಟೇಲರ್ ಅವರ ಬ್ಯಾಂಡ್ 1968ರಲ್ಲಿ ಹೊರತಂದ ಮೊದಲ ಆಲ್ಬಂನಲ್ಲಿ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಆಸಿಲೇಟರ್‌ಗಳ ಜೊತೆಗೆ ಹಾಡುಗಾರಿಕೆಯೂ ಡ್ರಮ್ಸೂ ಇವೆ. 1967ರ ಸುಬೋಟ್ನಿಕ್ ಕೃತಿಯಲ್ಲಿ ಇವೆರಡೂ ಇಲ್ಲ, ಇರುವುದು ಡಾನ್ ಬುಕ್ಲಾ ತಯಾರಿಸಿದ, ಪಿಯಾನೋದಂಥ ಕೀಲಿಮಣೆಯೇ ಇಲ್ಲದ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ನಾದ ಮಾತ್ರ. ಇದು ನಾನ್‌ಸಚ್ ರೆಕಾರ್ಡ್ ಕಂಪನಿ ತಾನಾಗಿ ಕೇಳಿ ಬರೆಸಿದ ಕೃತಿ. ಎಲ್‌ಪಿ ಗ್ರಾಮಫೋನ್ ತಟ್ಟೆಯ ಎರಡು ಮುಖಗಳಿಗೆಂದೇ ಎರಡು ಭಾಗಗಳಾಗಿ ರೂಪುಗೊಂಡ ಇದನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿದೆ.

ನನಗೆ ಹೆಚ್ಚು ನೋವಾಗಿರುವುದು ಎರಡನೆಯ ಭಾಗದ ವಿಷಯದಲ್ಲಿ. ಸುಮಾರು 15 ನಿಮಿಷದ ಈ ಭಾಗದ ಜೀವಾಳವೇ ಸೀಕ್ವೆನ್ಸರ್: ನಾದವನ್ನು ನಿಯಂತ್ರಿಸುವ ವೋಲ್ಟೇಜನ್ನು ಹಂತಹಂತವಾಗಿ ಬದಲಿಸುತ್ತ, ಅದೇ ಹಂತಗಳನ್ನು ಮತ್ತೆ ಮತ್ತೆ ಸುತ್ತಿಸಿ ಲಯ ಹುಟ್ಟಿಸುವ ಸಾಧನ. ಇಂದು ಯಾವ ಹುಡುಗನ ಲ್ಯಾಪ್‌ಟಾಪಿನಲ್ಲೂ ಸಿಗುವ ಈ ತಂತ್ರ ಆಗಿನ್ನೂ ಹೊಸತು. ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಆ ಲಯದಲ್ಲಿ ಮುಳುಗಿರುವಾಗ 6 ನಿಮಿಷ 40 ಸೆಕೆಂಡಿಗೆ ಸದ್ದು ತಟ್ಟನೆ ಕ್ಷೀಣಿಸಿ, ಬ್ಯಾಂಡ್‌ನ ಡ್ರಮ್ಸ್ ಕಿವಿಗೆ ಅಪ್ಪಳಿಸುತ್ತದೆ. ಬ್ಯಾಂಡ್ ಬಗ್ಗೆ ನನಗೆ ಗೌರವವಿದೆ. ಆದರೆ ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಅದನ್ನು ಕೇಳಲಾಗುವುದಿಲ್ಲ. ಒಂದು ಹಾಡಿನ ಕೊನೆಗೆ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಸೌಲಭ್ಯ ನನ್ನ ಫೋನಿನಲ್ಲಿ ಆಫ್ ಆಗಿದೆ, ಬೇರೆ ಫೋನಿನಲ್ಲೂ ಹೀಗೆಯೇ ಆಗುತ್ತದೆ. ಆದ್ದರಿಂದ ದೋಷ ನಿಮ್ಮ ಫೈಲಿನದೇ.

ಕೃತಿಯನ್ನು ಸುಬೋಟ್ನಿಕ್ ಅವರ ಹೆಸರಿನ ಪುಟಕ್ಕೆ ವರ್ಗಾಯಿಸಿ, ಎರಡೂ ಭಾಗಗಳನ್ನು ಪೂರ್ತಿಯಾಗಿ ಹಾಕಬೇಕೆಂದು ಕೋರುತ್ತೇನೆ. 15 ದಿನಗಳೊಳಗೆ ಇದಾಗದಿದ್ದರೆ ಉಳಿದ ಅವಧಿಯ ಚಂದಾ ಹಣವನ್ನು ಹಿಂದಿರುಗಿಸಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಸ್ಕ್ರೀನ್‌ಶಾಟ್‌ಗಳನ್ನೂ ಹಿಂದಿನ ಎರಡು ದೂರುಗಳ ಪ್ರತಿಗಳನ್ನೂ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಚಂದಾದಾರ, ಮೈಸೂರು