ಬೊಂಬೆ ರಾಕ್ಷಸರೇ ಚೆಂದ

ಮಾನ್ಯರೇ,

ಹಳೆಯ ಫ್ಯಾಂಟಸಿ ಸಿನಿಮಾಗಳ ಬೊಂಬೆ, ಮುಖವಾಡ ಕಂಡರೆ ಈಗಿನ ಹುಡುಗರು ನಗುತ್ತಾರೆ. ನಗಲಿ ಬಿಡಿ. ಮೊನ್ನೆ ಮಗಳ ಜೊತೆ 1982ರ ‘ದಿ ಡಾರ್ಕ್ ಕ್ರಿಸ್ಟಲ್’ ಮತ್ತೆ ನೋಡಿದೆ. ಜಿಮ್ ಹೆನ್ಸನ್, ಫ್ರ್ಯಾಂಕ್ ಆಜ್ ಇಬ್ಬರೂ ಸೇರಿ ನಿರ್ದೇಶಿಸಿದ ಚಿತ್ರ. ತೆರೆಯ ಮೇಲೆ ಒಂದೂ ಮನುಷ್ಯನ ಮುಖವಿಲ್ಲ. ಸ್ಕೆಕ್ಸಿಸ್ ಎಂಬ ರಣಹದ್ದಿನಂಥ ರಾಕ್ಷಸರು ಊಟಕ್ಕೆ ಕೂತು ಗಬಗಬ ತಿನ್ನುವುದನ್ನು ನೋಡಿ ಮಗಳು ತನ್ನ ತಟ್ಟೆ ಪಕ್ಕಕ್ಕಿಟ್ಟಳು!

ಒಂದೊಂದು ಸ್ಕೆಕ್ಸಿಸ್ ಒಳಗೂ ಒಬ್ಬ ಕಲಾವಿದ. ಕೈ ಮೇಲೆತ್ತಿ ಬೊಂಬೆಯ ತಲೆ ಆಡಿಸಬೇಕು. ಅದು ಹೇಗೆ ಕಾಣುತ್ತಿದೆ ಎಂದು ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ ನೋಡಿಕೊಳ್ಳಬೇಕು. ಲ್ಯಾಂಡ್‌ಸ್ಟ್ರೈಡರ್ ಎಂಬ ನೀಳಕಾಲಿನ ಪ್ರಾಣಿಯೊಳಗಿದ್ದವರು ಕೈಗೂ ಕಾಲಿಗೂ ಮರಗಾಲು ಕಟ್ಟಿಕೊಂಡು ನಡೆದರು. ಆ ಭಾರ, ಆ ತಡವರಿಕೆ ನಮಗೂ ತಾಗುತ್ತದೆ. ನಾಯಕ ಜೆನ್‌ನ ಮುಖ ಮಾತ್ರ ಸ್ವಲ್ಪ ಮರದಂತಿದೆ, ಒಪ್ಪುತ್ತೇನೆ.

ಕಂಪ್ಯೂಟರ್ ಬೇಡ ಎನ್ನುತ್ತಿಲ್ಲ. 2019ರಲ್ಲಿ ಇದೇ ಕಥೆಯ ಹಿಂದಿನ ಭಾಗ ಸರಣಿಯಾಗಿ ಬಂದಾಗಲೂ ಬೊಂಬೆಗಳನ್ನೇ ಉಳಿಸಿಕೊಂಡರು. ಆಡಿಸುವವರನ್ನು ಚಿತ್ರದಿಂದ ಅಳಿಸಲು ಕಂಪ್ಯೂಟರ್ ಬಳಸಿದರು. ಅದು ಸರಿ ಅಲ್ವಾ? ನಮ್ಮ ಚಿತ್ರೋತ್ಸವಗಳಲ್ಲಿ ಇಂಥ ಒಂದೆರಡು ಸಿನಿಮಾಗಳನ್ನು ದೊಡ್ಡ ತೆರೆಯ ಮೇಲೆ ಹಾಕಿದರೆ ಮಗಳ ಗೆಳತಿಯರನ್ನೂ ಕರೆದುಕೊಂಡು ಬರುತ್ತೇನೆ.

– ಒಬ್ಬ ಓದುಗ, ಮೈಸೂರು